ಹಿಟ್ಟಿನ ತಟ್ಟೆಯಲ್ಲಿ ಮಳೆಹನಿ: ಬಿ.ಎಸ್ಸಿ. ವಿದ್ಯಾರ್ಥಿಯ ಮೊದಲ ಸಂಶೋಧನೆ

ಅಧ್ಯಾಪಕ ಮಿತ್ರರೇ, ಪ್ರೀತಿಯ ವಿದ್ಯಾರ್ಥಿಗಳೇ,

ಕಳೆದ ವರ್ಷ ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಶಿವಮೊಗ್ಗದ ನಮ್ಮ ಮನೆಗೆ ಬಂದು, ತನ್ನ ಮೊಬೈಲಿನಲ್ಲಿದ್ದ ಒಂದು ಪತ್ರವನ್ನು ತೋರಿಸಿದಳು. ಭೌತಶಾಸ್ತ್ರದಲ್ಲಿ ಸಂಶೋಧನೆಯ ಅನುಭವ ಪಡೆಯಲು ಅವಕಾಶ ಕೊಡಿ ಎಂದು ಕೇಳಿ ಅದೇ ಪತ್ರವನ್ನು ಅವಳು ನಲವತ್ತು ಮಂದಿ ಪ್ರಾಧ್ಯಾಪಕರಿಗೆ ಕಳಿಸಿದ್ದಳು. ಒಬ್ಬರಿಂದಲೂ ಉತ್ತರ ಬಂದಿರಲಿಲ್ಲ. "ಸಣ್ಣ ಊರಿನ ಕಾಲೇಜು ಅಂತ ಬದಿಗಿಡ್ತಾರೇನೋ ಸರ್" ಎಂದಳು. ನಾನು ಪತ್ರವನ್ನು ಎರಡು ಸಲ ಓದಿದೆ. ಕ್ವಾಂಟಂ ಭೌತಶಾಸ್ತ್ರ, ಖಗೋಳ ಭೌತಶಾಸ್ತ್ರ, ಕಣ ಭೌತಶಾಸ್ತ್ರ ಮೂರರಲ್ಲೂ ಅಪಾರ ಆಸಕ್ತಿಯಿದೆ ಎಂಬ ಮಾತಿತ್ತು, ಸೆಮಿಸ್ಟರ್‌ಗಳ ಅಂಕಗಳಿದ್ದವು. ಆದರೆ ಅವಳು ತಾನಾಗಿ ಏನನ್ನಾದರೂ ಅಳೆದು ನೋಡಿದ್ದಾಳೆಯೇ, ಯಾವ ಪ್ರಶ್ನೆ ಅವಳನ್ನು ಕಾಡಿದೆ ಎಂಬುದರ ಸುಳಿವೇ ಅದರಲ್ಲಿರಲಿಲ್ಲ. ಭಾಷೆಯನ್ನು ತಿದ್ದಿ ಆ ಪತ್ರವನ್ನು ಉಳಿಸುವಂತಿರಲಿಲ್ಲ. ಮೊದಲು ಬರೆಯುವುದಕ್ಕೆ ಅವಳ ಬಳಿ ಏನಾದರೂ ಇರಬೇಕಿತ್ತು.

ಅದನ್ನು ಎಲ್ಲಿ ಹುಡುಕಬೇಕು? ನಮ್ಮ ಪ್ರಯೋಗಾಲಯಗಳಲ್ಲೇ ಅದು ದಿನವೂ ಕೈಗೆ ಸಿಗುತ್ತದೆ, ನಾವೇ ಅದನ್ನು ಅಳಿಸಿಹಾಕುತ್ತೇವೆ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ವಿದ್ಯಾರ್ಥಿಗೆ 9.4 ಬಂದರೆ, ಅವನು ಪೆನ್ಸಿಲಿನಲ್ಲಿ ಬರೆದಿದ್ದ ರೀಡಿಂಗುಗಳನ್ನು ರಬ್ಬರಿನಿಂದ ಉಜ್ಜಿ, ಪುಸ್ತಕದಲ್ಲಿರುವ 9.8 ಬರುವ ಹಾಗೆ ಹೊಂದಿಸಿ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ನಾನು ಓದಿದ ಕಾಲೇಜಿನಲ್ಲಿ ನಾನೂ ಹಾಗೆಯೇ ಮಾಡಿದ್ದೇನೆ, ಆಗ ಯಾರೂ ತಡೆಯಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆದೆನೇ, ತೂಗಾಟದ ಕೋನ ದೊಡ್ಡದಾಯಿತೇ, ಸ್ಟಾಪ್‌ವಾಚ್ ಒತ್ತುವ ಬೆರಳು ಎಷ್ಟು ತಡಮಾಡುತ್ತದೆ ಎಂದು ಆ 9.4ರ ಹಿಂದೆ ಒಂದು ವಾರ ಅಲೆದ ವಿದ್ಯಾರ್ಥಿಗೆ ಸಂಶೋಧನೆ ಎಂದರೇನು ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಿ.ವಿ. ರಾಮನ್ ಅವರ ಮೊದಲ ಪ್ರಬಂಧ 1906ರಲ್ಲಿ ಪ್ರಕಟವಾದಾಗ ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ, ವಯಸ್ಸು ಹದಿನೆಂಟು. ಕಾಲೇಜಿನ ಸ್ಪೆಕ್ಟ್ರೋಮೀಟರಿನಲ್ಲಿ ಪಟ್ಟಕದ ಕೋನವನ್ನು ಅಳೆಯುತ್ತಿದ್ದಾಗ, ಬೆಳಕು ಬಹಳ ಓರೆಯಾಗಿ ಬಿದ್ದ ಕಡೆ ಎರಡು ಬದಿಗಳಲ್ಲಿ ಒಂದೇ ಸಮನಾಗಿಲ್ಲದ ವಿವರ್ತನೆಯ (ಬೆಳಕು ಅಂಚಿನಲ್ಲಿ ಬಾಗಿ ಹರಡುವುದರಿಂದ ಮೂಡುವ) ಪಟ್ಟಿಗಳು ಅವರ ಕಣ್ಣಿಗೆ ಬಿದ್ದವು. ಇದು ನೀವೆಲ್ಲರೂ ಮಾಡಿರುವ ಪ್ರಯೋಗವೇ. ಕೇಳಿದ ಕೋನವನ್ನು ಬರೆದುಕೊಂಡು ಅವರು ಮುಂದಿನ ಪ್ರಯೋಗಕ್ಕೆ ಹೋಗಬಹುದಿತ್ತು. ಹಾಗೆ ಮಾಡದೆ, ಕೇಳದೇ ಇದ್ದ ಆ ಪಟ್ಟಿಗಳನ್ನು ಅಳೆದು, ವಿವರಿಸಿ, ಲಂಡನ್ನಿನ ಪತ್ರಿಕೆಗೆ ಕಳಿಸಿದರು.

ಆ ಹುಡುಗಿ ನಮ್ಮ ಮನೆಗೆ ಬಂದ ದಿನ ಹೊರಗೆ ಪುಷ್ಯ ಮಳೆ ಹಿಡಿದಿತ್ತು. ಮಲೆನಾಡಿನವರಾದ ನಮಗೆ ಮಳೆ ಎಂದರೆ ಒಂದೇ ಬಗೆಯದಲ್ಲ. ಜಿಟಿಜಿಟಿ ಮಳೆ ಬೇರೆ, ಜಡಿಮಳೆ ಬೇರೆ, ಗುಡುಗಿನ ಜೊತೆ ಬರುವ ದಪ್ಪ ಹನಿಯ ಮಳೆ ಬೇರೆ ಎಂದು ನಮ್ಮ ಅಜ್ಜಿಯರು ಹೆಂಚಿನ ಮೇಲಿನ ಸದ್ದಿನಿಂದಲೇ ಹೇಳುತ್ತಿದ್ದರು. ಈ ಬೇರೆತನವನ್ನು ಅಳೆಯಲು ಸಾಧ್ಯವೇ ಎಂದು ಅವಳನ್ನು ಕೇಳಿದೆ. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1904ರಲ್ಲೇ ಒಂದು ಸುಲಭ ಉಪಾಯವನ್ನು ಪ್ರಕಟಿಸಿದ್ದರು: ನುಣ್ಣನೆಯ ಹಿಟ್ಟು ತುಂಬಿದ ತಟ್ಟೆಯನ್ನು ಕೆಲವೇ ಸೆಕೆಂಡು ಮಳೆಗೆ ಒಡ್ಡಿದರೆ, ಬಿದ್ದ ಪ್ರತಿಯೊಂದು ಹನಿಯೂ ಒಂದು ಹಿಟ್ಟಿನ ಗುಳಿಗೆಯಾಗುತ್ತದೆ; ಒಣಗಿದ ಮೇಲೆ ಗುಳಿಗೆಯ ಗಾತ್ರದಿಂದ ಹನಿಯ ಗಾತ್ರವನ್ನು ಲೆಕ್ಕಹಾಕಬಹುದು.

ಅವಳು ಮೈದಾ ಹಿಟ್ಟನ್ನು ಜರಡಿ ಹಿಡಿದು, ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಹರಡಿ, ಮೇಲೊಂದು ಮುಚ್ಚಳವಿಟ್ಟು ಅಂಗಳಕ್ಕೆ ಒಯ್ದಳು. ಸೂರಿನ ನೀರು ಸಿಡಿಯದ ಜಾಗದಲ್ಲಿ ನಿಂತು ನಾಲ್ಕು ಸೆಕೆಂಡು ಮುಚ್ಚಳ ತೆಗೆದು, ಮತ್ತೆ ಮುಚ್ಚಿದಳು. ಗುಳಿಗೆಗೂ ಹನಿಗೂ ಇರುವ ಸಂಬಂಧವನ್ನು ತಿಳಿಯಲು ಇಂಜೆಕ್ಷನ್ ಸಿರಿಂಜಿನಿಂದ ನೂರು ಹನಿಗಳನ್ನು ಬೀಳಿಸಿ ತೂಗಿದಳು. ನೂರು ಹನಿಗೆ 0.82 ಗ್ರಾಂ ಬಂದರೆ ಒಂದು ಹನಿಯ ವ್ಯಾಸ ಸುಮಾರು 2.5 ಮಿಲಿಮೀಟರ್ ಎಂದಾಯಿತು. ಅದೇ ಸಿರಿಂಜಿನ ಹನಿಗಳನ್ನು ಹಿಟ್ಟಿಗೆ ಬೀಳಿಸಿ, ಗುಳಿಗೆಗಳನ್ನು ಒಣಗಿಸಿ ಅಳೆದಳು. ಸೂಜಿ ಬದಲಾಯಿಸಿ ಇನ್ನೆರಡು ಗಾತ್ರಗಳಿಗೂ ಹಾಗೆಯೇ ಮಾಡಿದಳು. ಮೂರು ವಾರ ಹಿಡಿಯಿತು. ಮೊದಲ ವಾರದ ಗುಳಿಗೆಗಳಿಗೆ ಬೂಷ್ಟು ಹಿಡಿದು ಎಲ್ಲವನ್ನೂ ಎಸೆಯಬೇಕಾಯಿತು, ಏಕೆಂದರೆ ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಪಕ್ಕದಲ್ಲಿಡದೆ ಏನೂ ಒಣಗುವುದಿಲ್ಲ.

ಇಲ್ಲಿ ಭೌತಶಾಸ್ತ್ರ ಎಲ್ಲಿದೆ ಎಂದು ಕೇಳುವವರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹನಿಯ ಘನಫಲ ವ್ಯಾಸದ ಘನವನ್ನು ಅವಲಂಬಿಸಿರುವುದರಿಂದ, ವ್ಯಾಸದಲ್ಲಿ ಶೇ. 5ರಷ್ಟು ತಪ್ಪಿದರೆ ನೀರಿನ ಪ್ರಮಾಣದಲ್ಲಿ ಸುಮಾರು ಶೇ. 15ರಷ್ಟು ತಪ್ಪುತ್ತದೆ. ಹವಾಮಾನ ರೇಡಾರಿಗೆ ಮಳೆಯಿಂದ ಮರಳಿ ಬರುವ ಸಂಕೇತವಂತೂ ವ್ಯಾಸದ ಆರನೆಯ ಘಾತವನ್ನು ಅನುಸರಿಸುತ್ತದೆ. ಅಲ್ಲಿ ಅದೇ ತಪ್ಪು ಶೇ. 30ನ್ನು ದಾಟುತ್ತದೆ. ಹಾಗಾಗಿ ಹನಿಗಳ ಗಾತ್ರ ಹೇಗೆ ಹಂಚಿಕೆಯಾಗಿದೆ ಎಂದು ತಿಳಿಯದೆ ರೇಡಾರ್ ನೋಡಿ ಮಳೆ ಇಷ್ಟು ಎಂದು ನಿಖರವಾಗಿ ಹೇಳಲಾಗದು. 1948ರಲ್ಲಿ ಮಾರ್ಷಲ್ ಮತ್ತು ಪಾಮರ್ ಎಂಬುವರು ಹನಿಗಳ ಸಂಖ್ಯೆ ವ್ಯಾಸ ಹೆಚ್ಚಿದಂತೆ ಘಾತೀಯವಾಗಿ, ಅಂದರೆ ಪ್ರತಿ ಹೆಜ್ಜೆಗೂ ಒಂದೇ ಪಾಲಿನಷ್ಟು ಕಡಿಮೆಯಾಗುತ್ತ, ಇಳಿಯುತ್ತದೆ ಎಂಬ ನಿಯಮವನ್ನು ಕೊಟ್ಟರು. ಸಂಖ್ಯೆಯ ಲಾಗರಿದಮ್ಮನ್ನು ವ್ಯಾಸದ ಎದುರು ಗುರುತಿಸಿದರೆ ಇಳಿಜಾರಿನ ಸರಳರೇಖೆ ಬರಬೇಕು. ಅವಳ ಗ್ರಾಫಿನಲ್ಲಿ ದಪ್ಪ ಹನಿಗಳ ಕಡೆ ರೇಖೆ ಬಂತು, ಸಣ್ಣ ಹನಿಗಳ ಕಡೆ ಬಾಗಿತು. ಮಳೆಯೇ ಹಾಗಿದೆಯೋ, ಅಥವಾ ಹಿಟ್ಟಿನಿಂದ ಗುಳಿಗೆಗಳನ್ನು ಬೇರ್ಪಡಿಸುವಾಗ ಸಣ್ಣವು ಜರಡಿಯಲ್ಲಿ ಕಳೆದುಹೋದವೋ? ಆ ಒಂದು ಪ್ರಶ್ನೆಯಿಂದಾಗಿ ಅವಳು ಇಂಟರ್‌ನೆಟ್ಟಿನ ಆರ್ಕೈವ್ (arXiv) ಎಂಬ ಪ್ರಬಂಧ ಭಂಡಾರದಲ್ಲಿ ಉಚಿತವಾಗಿ ಸಿಗುವ ಪ್ರಬಂಧಗಳನ್ನು ಹುಡುಕಿ ಓದತೊಡಗಿದಳು. ಪೂರ್ತಿ ಅರ್ಥವಾಗುತ್ತಿರಲಿಲ್ಲ, ಆಗಬೇಕಾಗಿಯೂ ಇಲ್ಲ. ಸಾರಾಂಶ, ಚಿತ್ರಗಳು, ಕೊನೆಯ ಭಾಗ ಇಷ್ಟನ್ನು ಓದಿ, ತಿಳಿಯದ ಒಂದು ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ಭೌತಶಾಸ್ತ್ರದಲ್ಲಿ ತಾನು ಹಿಡಿಯಬೇಕಾದ ದಿಕ್ಕು ಯಾವುದು ಎಂಬ ಪ್ರಶ್ನೆಗೂ ಉತ್ತರ ಕಂಡದ್ದು ಈ ಕೆಲಸದ ನಡುವೆಯೇ. ತಟ್ಟೆ ಹಿಡಿದು ಮಳೆಯಲ್ಲಿ ನಿಲ್ಲುವುದಕ್ಕಿಂತ, ಗುಳಿಗೆಗಳ ಫೋಟೋ ತೆಗೆದು ಅವುಗಳನ್ನು ಎಣಿಸುವ ಪೈಥಾನ್ ಪ್ರೋಗ್ರಾಮ್ ಬರೆಯುವುದರಲ್ಲಿ ತನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ಅವಳೇ ಹೇಳಿದಳು. ಮೂರು ಶಾಖೆಗಳ ಹೆಸರು ಬರೆದಿದ್ದ ಹುಡುಗಿಗೆ ತನ್ನ ಒಲವು ಯಾವ ಬಗೆಯ ಕೆಲಸದ ಕಡೆಗಿದೆ ಎಂದು ಗೊತ್ತಾಯಿತು.

ಅವಕಾಶಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಸಾಮಾನ್ಯವಾಗಿ ನವೆಂಬರಿನ ಹೊತ್ತಿಗೆ ಅರ್ಜಿ ಹಾಕಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇವು ಕೂಡ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆಯುತ್ತವೆ. ಮುಂದೆ ಎಂ.ಎಸ್ಸಿ.ಗೆ ಐಐಟಿಗಳಿಗೆ ಹೋಗಬಯಸುವವರಿಗೆ ಜ್ಯಾಮ್ (JAM) ಎಂಬ ಪ್ರವೇಶ ಪರೀಕ್ಷೆಯಿದೆ; ಹತ್ತಿರದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಅಲ್ಲಿನ ಅಧ್ಯಾಪಕರನ್ನು ಬಸ್ಸಿನಲ್ಲಿ ಹೋಗಿ ಮುಖತಃ ಕಂಡು ಮಾತಾಡಬಹುದು. ಓದು ಮುಂದುವರಿಸಿದರೆ ಹೊಟ್ಟೆಪಾಡೇನು ಎಂದು ಮನೆಯಲ್ಲಿ ಕೇಳಿದರೆ ಸಿಡುಕಬೇಡಿ, ಅದು ನ್ಯಾಯವಾದ ಪ್ರಶ್ನೆ. ರಾಷ್ಟ್ರಮಟ್ಟದ ನೆಟ್ (NET) ಅರ್ಹತಾ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಎಂಬ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ ಎಂದು 2023ರ ದರವನ್ನೇ ಹೇಳಿ.

ನವೆಂಬರಿನಲ್ಲಿ ಅವಳು ಮತ್ತೆ ಪತ್ರ ಬರೆದಳು, ಈ ಸಲ ನಾಲ್ಕೇ ಮಂದಿಗೆ. ಪ್ರತಿಯೊಬ್ಬರ ಒಂದೊಂದು ಪ್ರಬಂಧವನ್ನು ಓದಿ, ಅದರಲ್ಲಿ ತನಗೆ ತಿಳಿಯದ ಒಂದು ಮಾತನ್ನು ಕೇಳಿ, ತಾನು ಮಾಡಿದ್ದನ್ನು ಆರು ವಾಕ್ಯಗಳಲ್ಲಿ ಹೇಳಿ, ಬಾಗಿದ ಆ ಗ್ರಾಫನ್ನು ಇದ್ದ ಹಾಗೆಯೇ ಲಗತ್ತಿಸಿದಳು. ಒಬ್ಬರು ಉತ್ತರಿಸಿದರು. ಅವಕಾಶದ ಮಾತು ಅದರಲ್ಲಿ ಇರಲಿಲ್ಲ, ಒಂದೇ ಪ್ರಶ್ನೆಯಿತ್ತು: ಗಾಳಿಗೆ ಓರೆಯಾಗಿ ಬೀಳುವ ಹನಿಗಳಲ್ಲಿ ಸಣ್ಣವು ಹೆಚ್ಚು ಓರೆಯಾಗುತ್ತವಲ್ಲ, ತಟ್ಟೆಯ ಅಂಚು ಅವುಗಳನ್ನು ಎಷ್ಟರಮಟ್ಟಿಗೆ ತಡೆದಿರಬಹುದು? ಅವಳಿಗೆ ಅದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಈ ಆರಿದ್ರ ಮಳೆಗೆಂದು ಅವಳು ಅಂಚು ತಗ್ಗಿಸಿದ ಇನ್ನೊಂದು ತಟ್ಟೆ ಮಾಡಿಸಿಟ್ಟಿದ್ದಾಳೆ.