ನೆಟ್ಟಗೆ ನಿಲ್ಲು ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮಂಡ್ಯದಲ್ಲಿ ಇಷ್ಟು ಜನ ಅಪ್ಪ-ಅಮ್ಮಂದಿರು ಬಂದಿದ್ದೀರಿ, ಖುಷಿಯಾಯಿತು. ಒಳಗೆ ಬರುವಾಗಲೇ ಬಾಗಿಲ ಹತ್ತಿರ ಒಂದು ಮಾತು ಕಿವಿಗೆ ಬಿತ್ತು. "ಗೂನು ಹಾಕ್ಬೇಡ, ನೆಟ್ಟಗೆ ನಿಂತ್ಕೊ." ಹೇಳಿದ್ದು ಯಾರು ಅಂತ ಕೇಳುವುದಿಲ್ಲ ಬಿಡಿ. ಆ ಹುಡುಗ ಎರಡು ನಿಮಿಷ ನೆಟ್ಟಗೆ ನಿಂತು, ಮತ್ತೆ ಮೊದಲಿನಂತೆಯೇ ಆದ. ಎಲ್ಲರ ಮನೆಯಲ್ಲೂ ಇದೇ ಕತೆ ಅಲ್ವಾ?

ನಿಜ ಹೇಳಬೇಕೆಂದರೆ ಬೆನ್ನುಮೂಳೆ ನೆಟ್ಟಗಿರುವುದೇ ಇಲ್ಲ. ಹಿಂದಿನಿಂದ ನೋಡಿದರೆ ನೇರ. ಪಕ್ಕದಿಂದ ನೋಡಿದರೆ ಕತ್ತಿನಲ್ಲಿ ಒಳಕ್ಕೆ, ಬೆನ್ನಿನಲ್ಲಿ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ ಬಾಗಿರುತ್ತದೆ. ಓಡುವಾಗ, ಹಾರುವಾಗ ಬೀಳುವ ಪೆಟ್ಟನ್ನು ಆ ಬಾಗು ಮತ್ತು ಮೂಳೆಗಳ ನಡುವಿನ ಡಿಸ್ಕ್ ತಡೆದುಕೊಳ್ಳುತ್ತವೆ. ಸ್ವಲ್ಪ ಗೂನು ಹಾಕಿ ಕೂತ ಮಾತ್ರಕ್ಕೆ ಬೆನ್ನು ಹಾಳಾಗುವುದಿಲ್ಲ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಇರಬಾರದು, ಅಷ್ಟೇ. ಯುಸೇನ್ ಬೋಲ್ಟ್‌ಗೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಇದೆ. 2009ರಲ್ಲಿ 100 ಮೀಟರನ್ನು 9.58 ಸೆಕೆಂಡಿಗೆ ಓಡಿದ್ದು ಅದೇ ಬೆನ್ನು.

ಹಾಗಾದರೆ ಹೆದರಬೇಕಾದ್ದು ಯಾವುದಕ್ಕೆ? ನಿಮಗೆ ಕಬ್ಬಿನ ಲೆಕ್ಕದಲ್ಲೇ ಹೇಳುತ್ತೇನೆ. ನೀರು, ಯೂರಿಯಾ ಜಾಸ್ತಿಯಾಗಿ ಬೇಗ ಎತ್ತರ ಬಂದ ಕಬ್ಬು ಒಂದು ಗಾಳಿಮಳೆಗೆ ಮಲಗಿಬಿಡುತ್ತದೆ. ಜಲ್ಲೆ ಬೆಳೆದಿರುತ್ತದೆ, ಬಲಿತಿರುವುದಿಲ್ಲ. ಹುಡುಗಿಯರಿಗೆ ಸುಮಾರು 11-12, ಹುಡುಗರಿಗೆ 13-14ರ ಹೊತ್ತಿಗೆ ಎತ್ತರ ಸರ್ರನೆ ಏರುತ್ತದೆ. ಮೂಳೆಗೆ ಕ್ಯಾಲ್ಸಿಯಂ ತುಂಬಿ ಗಟ್ಟಿಯಾಗುವುದು ಅದಾದ ಕೆಲವು ತಿಂಗಳ ಮೇಲೆ. ಸರಿಯಾಗಿ ಆ ನಡುವಿನಲ್ಲೇ, ಹುಡುಗ ಉದ್ದ ಆದ, ಒಳ್ಳೇ ಫಾಸ್ಟ್ ಬೌಲರ್ ಆಗ್ತಾನೆ ಅಂತ ದಿನಾ ಎರಡು ಹೊತ್ತು ಬೌಲಿಂಗ್ ಮಾಡಿಸುತ್ತೇವೆ.

ನನಗೂ ಮಾಡಿಸಿದ್ದರು. ಆಗ ನನಗೆ 15. ಜಾವಗಲ್ ಶ್ರೀನಾಥ್ ನಮ್ಮ ಮೈಸೂರಿನವರು ಅನ್ನುವುದೇ ನಮಗೆಲ್ಲ ಒಂದು ಹುಚ್ಚು. ನಾನು ಬಲಗೈ ಬೌಲರ್. ನೋವು ಬಂದದ್ದು ಸೊಂಟದ ಎಡಕ್ಕೆ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ. "ಉಳುಕು ಕಣೋ, ಎರಡು ರೌಂಡ್ ಓಡು, ಬಿಡುತ್ತೆ" ಅಂದರು ಕೋಚ್. ಮನೆಯಲ್ಲಿ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ದರು. ನಾಲ್ಕು ತಿಂಗಳು ಹೀಗೇ ಹೋಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆಮೇಲೆ ಸ್ಕ್ಯಾನ್ ಮಾಡಿದರೆ, ಸೊಂಟದ ಐದನೇ ಮೂಳೆಯ ಹಿಂಬದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಸ್ಪಾಂಡಿಲೋಲಿಸಿಸ್ ಅಂತಾರೆ ಇದಕ್ಕೆ. ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ತಿರುಚುವ ಆಟಗಳಲ್ಲಿ ಜಾಸ್ತಿ: ಫಾಸ್ಟ್ ಬೌಲಿಂಗ್, ಜಿಮ್ನಾಸ್ಟಿಕ್ಸ್, ಟೆನಿಸ್ ಸರ್ವ್. ಬೌಲರ್‌ಗಳಿಗೆ ಸಾಮಾನ್ಯವಾಗಿ ಬೌಲಿಂಗ್ ಕೈಯ ಎದುರು ಬದಿಯಲ್ಲೇ ಬರುತ್ತದೆ. ಒಂದೇ ಏಟಿಗೆ ಮುರಿಯುವುದಲ್ಲ. ತಂತಿಯನ್ನು ಆಚೀಚೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಹಾಗೆ. ಬೇಗ ಗೊತ್ತಾಗಿ ಆಟ ನಿಲ್ಲಿಸಿದರೆ ಬಹಳಷ್ಟು ಮಕ್ಕಳಿಗೆ ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ. ನನ್ನ ಬಿರುಕು ಕೂಡಲಿಲ್ಲ. ನೋವು ಹೋಯಿತು, ವೇಗ ವಾಪಸ್ ಬರಲಿಲ್ಲ. ಫಿಸಿಯೋಥೆರಪಿ ಓದಿದ್ದು ಆ ಸಿಟ್ಟಿಗೇ ಅನ್ನಿ.

ಅದಕ್ಕೇ ಹೇಳುವುದು, ಭಂಗಿಗಿಂತ ಮೊದಲು ಬಾಗಿಲು ನೋಡಿ. ಮೂರು ತಿಂಗಳಿಗೊಮ್ಮೆ ಮಗುವನ್ನು ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಒಂದು ಗೆರೆಯಿಂದ ಇನ್ನೊಂದಕ್ಕೆ 2 ಸೆಂಟಿಮೀಟರ್ ದಾಟಿತಾ? ಕೋಚ್ ಹತ್ತಿರ ಹೋಗಿ, ಸ್ವಲ್ಪ ದಿನ ಬಾಲ್ ಲೆಕ್ಕ ಕಡಿಮೆ ಮಾಡಿಸಿ. ಸುಮ್ನೆ ಬಂದ ಮೈಕೈ ನೋವು ಎರಡು ಮೂರು ದಿನಕ್ಕೆ ಹೋಗುತ್ತದೆ. ಎರಡು ವಾರವಾದರೂ ಸೊಂಟದ ಒಂದೇ ಜಾಗ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ನೋವಿನ ಜೊತೆ ಜ್ವರ, ಕಾಲು ಜೋಮು, ಇವುಗಳಲ್ಲಿ ಯಾವುದೊಂದು ಇದ್ದರೂ ಎರಡು ವಾರವೂ ಕಾಯಬೇಡಿ.

ಇನ್ನು ಸ್ಕೋಲಿಯೋಸಿಸ್ ಇದೆಯಾ ಅಂತ ಮನೆಯಲ್ಲೇ ಒಮ್ಮೆ ನೋಡಬಹುದು. ಮಂಡಿ ಮಡಿಸದೆ, ಎರಡೂ ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಬೇಕು. ನೀವು ಹಿಂದೆ ನಿಂತು ನೋಡಿ. ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಉಬ್ಬಿದ್ದರೆ ಪರೀಕ್ಷೆ ಮಾಡಿಸಬೇಕು. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಮಾಡಿ ತೋರಿಸುತ್ತೇನೆ. ಬಾ ಮಗ, ಆಗ ಬಾಗಿಲಲ್ಲಿ ಬೈಸಿಕೊಂಡೆಯಲ್ಲ, ನೀನೇ. ಇಲ್ಲಿ ನಿಂತುಕೊ. ಬೇಡ ಬೇಡ, ನೆಟ್ಟಗೆ ಬೇಡ. ದಿನಾ ಹೇಗೆ ನಿಲ್ಲುತ್ತೀಯೋ ಹಾಗೇ.