ಕ್ರಾಸ್ ಕಂಪೈಲರ್ ಕಟ್ಟುವ ಕ್ರಮವನ್ನು ಬರೆದಿಡುವುದು ಹೇಗೆ?

[ದೃಶ್ಯ: ಮೈಸೂರಿನ ಮನೆಯೊಂದರ ಮೇಜು, ಲ್ಯಾಪ್‌ಟಾಪ್, ಪಕ್ಕದಲ್ಲಿ ರಾಸ್ಪ್‌ಬೆರಿ ಪೈ 4]

ನಮಸ್ಕಾರ. ಮಂಡ್ಯದ ಕಬ್ಬಿನ ಗದ್ದೆಯೊಂದರ ಪಂಪ್‌ಸೆಟ್ಟನ್ನು ನಿಯಂತ್ರಿಸಲು ರಾಸ್ಪ್‌ಬೆರಿ ಪೈ ಎಂಬ ಈ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಅಣಿಗೊಳಿಸುತ್ತಿದ್ದೇನೆ. ಇದರ ಪ್ರೊಸೆಸರ್ ಆರ್ಮ್ ಬಗೆಯದು, ನನ್ನ ಲ್ಯಾಪ್‌ಟಾಪಿನದು ಇಂಟೆಲ್. ಇಲ್ಲಿ ಕಂಪೈಲ್ ಮಾಡಿದ್ದು, ಅಂದರೆ ಬರೆದ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸಿದ್ದು, ಅಲ್ಲಿ ಓಡಬೇಕಾದರೆ ಕ್ರಾಸ್ ಕಂಪೈಲರ್ ಬೇಕು. ಅದು ಸಿದ್ಧರೂಪದಲ್ಲಿಯೂ ಸಿಗುತ್ತದೆ. ಆದರೆ ಬೋರ್ಡಿನಲ್ಲಿರುವ ಸಿ ಲೈಬ್ರರಿಯ, ಅಂದರೆ ಸಿ ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡ್ ಸಂಗ್ರಹದ, ಆವೃತ್ತಿಗೆ ಸರಿಹೊಂದುವಂಥದ್ದೇ ಬೇಕೆಂದಾಗ, ಮೂಲ ಕೋಡ್‌ನಿಂದ ನಾವೇ ಕಟ್ಟಿಕೊಳ್ಳುವುದು ಲೇಸು. ಹಾಗೆ ಕಟ್ಟುವ ಕ್ರಮವನ್ನು ಇನ್ನೊಬ್ಬರಿಗೂ ನೆರವಾಗುವಂತೆ ದಾಖಲೆಯಾಗಿ ಬರೆಯುವುದು ಹೇಗೆಂದು ನೋಡೋಣ.

ಇಲ್ಲಿರುವುದು ಬೀಜವೃಕ್ಷ ನ್ಯಾಯ. ಸಿ ಲೈಬ್ರರಿಯನ್ನು ಕಂಪೈಲ್ ಮಾಡಲು ಕಂಪೈಲರ್ ಬೇಕು, ಪೂರ್ಣ ಕಂಪೈಲರ್ ಸಿದ್ಧವಾಗಲು ಸಿ ಲೈಬ್ರರಿ ಬೇಕು. ಆದ್ದರಿಂದಲೇ ಮೊದಲು ಆದೇಶಗಳನ್ನು ಯಂತ್ರಭಾಷೆಗೆ ತಿರುಗಿಸುವ ಅಸೆಂಬ್ಲರ್ ಮುಂತಾದ ಸಲಕರಣೆಗಳಿರುವ ಬಿನ್‌ಯುಟಿಲ್ಸ್, ಅನಂತರ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೆಡರ್ ಫೈಲುಗಳು, ಆಮೇಲೆ ಸಿ ಭಾಷೆಯನ್ನಷ್ಟೇ ಬಲ್ಲ ಅರೆ ಜಿಸಿಸಿ ಕಂಪೈಲರ್, ಅದರಿಂದ ಜಿಲಿಬ್‌ಸಿ ಎಂಬ ಸಿ ಲೈಬ್ರರಿ, ಕಡೆಗೆ ಪೂರ್ಣ ಜಿಸಿಸಿ ಎಂಬ ಕ್ರಮವಿದೆ. ಕ್ರಮದ ಜೊತೆಗೆ ಈ ಕಾರಣವನ್ನೂ ಬರೆಯದಿದ್ದರೆ, ಓದುವವರು ಜಿಸಿಸಿಯನ್ನು ಎರಡು ಬಾರಿ ಕಟ್ಟುವುದು ದಂಡವೆಂದು ಭಾವಿಸಿ ಒಂದು ಹಂತವನ್ನು ಕೈಬಿಡುತ್ತಾರೆ.

[ಪರದೆಯ ಮೇಲೆ: ದೋಷ ಸಂದೇಶ]

ನನ್ನ ಹಳೆಯ ಟಿಪ್ಪಣಿಯಲ್ಲಿ ಬಿನ್‌ಯುಟಿಲ್ಸ್ ಅನ್ನು ಯಾವ ಫೋಲ್ಡರಿಗೆ ಹಾಕಿದೆನೆಂಬ ಒಂದು ಸಾಲು ಬಿಟ್ಟುಹೋಗಿತ್ತು. ವರ್ಷದ ನಂತರ ಅದನ್ನೇ ಹಿಡಿದು ಕಟ್ಟಲು ಕುಳಿತಾಗ, ಹೊಸ ಜಿಸಿಸಿ ಆರ್ಮ್‌ನ ಅಸೆಂಬ್ಲರನ್ನು ಕಾಣದೆ ಲ್ಯಾಪ್‌ಟಾಪಿನ ಅಸೆಂಬ್ಲರನ್ನೇ ಕರೆಯಿತು. ಅದು ಆರ್ಮ್ ಆದೇಶಗಳನ್ನು ಕಂಡು, ಇಂಥ ಆದೇಶವೇ ಇಲ್ಲವೆಂದು ಸಾಲುಗಟ್ಟಲೆ ದೂರಿತು. ಎರಡು ಸಂಜೆಗಳು ಅದರಲ್ಲೇ ಕಳೆದವು. ಆದುದರಿಂದ ಕಟ್ಟಿದ್ದನ್ನು ಹಾಕುವ ಫೋಲ್ಡರಾದ ಪ್ರಿಫಿಕ್ಸ್, ಯಾವ ಬಗೆಯ ಯಂತ್ರಕ್ಕೆಂದು ಹೇಳುವ ಟಾರ್ಗೆಟ್ ಮತ್ತು ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಾದ ಪಾತ್, ಈ ಮೂರರ ಬೆಲೆಗಳನ್ನು ದಾಖಲೆಯ ತಲೆಯಲ್ಲೇ ಬರೆಯಿರಿ. ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು: ಜಿಸಿಸಿ ಈ ಪ್ರೊಸೆಸರನ್ನು ಎಆರ್ಚ್64 ಎಂದು ಕರೆದರೆ, ಕರ್ನಲ್ ಅದನ್ನೇ ಆರ್ಮ್64 ಎನ್ನುತ್ತದೆ.

ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ, ಜಿಸಿಸಿ ಕಟ್ಟಲು ಬೇಕಾದ ಗಣಿತದ ಲೈಬ್ರರಿಗಳನ್ನು ತರಲು ಜಿಸಿಸಿಯ ಮೂಲದಲ್ಲೇ ಒಂದು ಸ್ಕ್ರಿಪ್ಟ್ ಇದೆ. ಅದನ್ನು ಹೆಸರಿಸಿದರೆ ಸಾಕು. ಪ್ರತಿಯೊಂದರ ಆವೃತ್ತಿ ಸಂಖ್ಯೆಯನ್ನು ಮಾತ್ರ ಕಟ್ಟುವಾಗಲೇ ಬರೆದುಕೊಳ್ಳಿ, ನೆನಪಿನಿಂದ ಬರೆಯಬೇಡಿ. ಜಿಸಿಸಿಯನ್ನು ಮೂಲ ಕೋಡ್ ಇರುವ ಫೋಲ್ಡರಿನೊಳಗೆ ಕಟ್ಟದೆ, ಬೇರೊಂದು ಖಾಲಿ ಫೋಲ್ಡರಿನಲ್ಲಿ ಕಟ್ಟಬೇಕೆಂಬುದನ್ನೂ ಸೇರಿಸಿ.

[ದೃಶ್ಯ: ಟರ್ಮಿನಲ್ ಹತ್ತಿರದಿಂದ]

ಈಗ ನಾಲ್ಕು ಸಾಲಿನ ಸಿ ಪ್ರೋಗ್ರಾಮೊಂದನ್ನು ಕಂಪೈಲ್ ಮಾಡಿ, ಫೈಲ್ ಎಂಬ ಕಮಾಂಡಿನಿಂದ ಪರೀಕ್ಷಿಸುತ್ತೇನೆ. ಉತ್ತರದಲ್ಲಿ ಆರ್ಮ್ ಎಆರ್ಚ್64 ಎಂದು ಬಂದಿರುವುದನ್ನು ನೋಡಿ. ಈ ಸಾಲನ್ನೂ ಹಾಗೆಯೇ ದಾಖಲೆಗೆ ಅಂಟಿಸುತ್ತಿದ್ದೇನೆ. ನಾಳೆ ಇದನ್ನು ಹಿಡಿದು ಮಂಡ್ಯದಲ್ಲಿ ಕಟ್ಟುವ ಗೆಳೆಯನಿಗೆ, ತಾನು ಸರಿಯಾದ ಜಾಗಕ್ಕೆ ಬಂದೆನೆಂದು ತಿಳಿಯುವುದು ಇದರಿಂದಲೇ.