ರೂಬೆನ್ಸನ ಗೂಡುಗಳಲ್ಲಿ ಕುಳಿತವರು

ಕೇಳುಗರಿಗೆ ನಮಸ್ಕಾರ. ಹದಿನೇಳನೆಯ ಶತಮಾನದ ಫ್ಲೆಮಿಶ್ ಚಿತ್ರಕಾರ ಪೀಟರ್ ಪಾಲ್ ರೂಬೆನ್ಸ್ ಎಂದೊಡನೆ ಮೈತುಂಬಿದ ಹೆಂಗಸರ ಚಿತ್ರಗಳನ್ನಷ್ಟೇ ನೆನೆದು ನಗುವವರೊಡನೆ ವಾದಿಸಿ ನನಗೆ ಸಾಕಾಗಿದೆ. ದಯವಿಟ್ಟು ಅವನ ಕಾಗದಗಳನ್ನು ಓದಿ. ಹಳೆಯ ಶಿಲ್ಪಗಳು ಅವನಿಗೆ ಮನೆಯ ಅಲಂಕಾರವಾಗಿರಲಿಲ್ಲ, ಒಡನಾಡಿಗಳಾಗಿದ್ದವು. ನಾನು ಹೇಳಬೇಕಾದದ್ದು ಇದೊಂದೇ.

1610ರಲ್ಲಿ ಇಂದಿನ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಮನೆ ಕೊಂಡ ರೂಬೆನ್ಸ್, ರೋಮಿನ ಪುರಾತನ ದೇಗುಲ ಪ್ಯಾಂಥಿಯನ್ನಿನಂತೆ ಮೇಲಿನಿಂದ ಮಾತ್ರ ಬೆಳಕು ಇಳಿಯುವ ದುಂಡು ಕೋಣೆಯೊಂದನ್ನು ಅಲ್ಲಿ ಕಟ್ಟಿಸಿದ. ಅದರ ಗೋಡೆಯ ಗೂಡುಗಳಿಗೆ ಶಿಲ್ಪಗಳು ಬೇಕಿದ್ದವು. ಅದೇ ಹೊತ್ತಿಗೆ ಹೇಗ್ ನಗರದಲ್ಲಿದ್ದ ಇಂಗ್ಲಿಷ್ ರಾಯಭಾರಿ ಡಡ್ಲಿ ಕಾರ್ಲ್ಟನ್, ತಾನು ಶ್ರೀಮಂತನೊಬ್ಬನಿಗಾಗಿ ಕೂಡಿಸಿದ್ದ ಅಮೃತಶಿಲೆಯ ಹಳೆಯ ಶಿಲ್ಪಗಳು, ಆ ಶ್ರೀಮಂತನು ರಾಜನ ಅವಕೃಪೆಗೆ ಗುರಿಯಾದದ್ದರಿಂದ ತನ್ನ ತಲೆಗೇ ಬಂದು, ದಾರಿ ಕಾಣದೆ ಕುಳಿತಿದ್ದ. 1618ರಲ್ಲಿ ರೂಬೆನ್ಸ್ ಅವನಿಗೆ ಬರೆದ: ನಿಮ್ಮ ಕಲ್ಲು ಕೊಡಿ, ನನ್ನ ಚಿತ್ರ ಕೊಡುತ್ತೇನೆ. ಜೊತೆಗೆ ಕಳಿಸಿದ ಪಟ್ಟಿಯ ಪ್ರಾಮಾಣಿಕತೆಯನ್ನು ನೋಡಿ. ಸಿಂಹಗಳ ನಡುವಿನ ಡೇನಿಯಲ್, ಪೂರ್ತಿ ನನ್ನ ಕೈಯದು, 600 ಗಿಲ್ಡರ್. ಗ್ರೀಕ್ ಪುರಾಣದ ಪ್ರೊಮಿಥಿಯಸ್ ನನ್ನದು, ಹದ್ದು ಮಾತ್ರ ಚಿತ್ರಕಾರ ಸ್ನೈಡರ್ಸ್ ಬರೆದದ್ದು, 500 ಗಿಲ್ಡರ್. ಇನ್ನೊಂದನ್ನು ಶಿಷ್ಯ ಬರೆದ, ನಾನು ತಿದ್ದಿದೆ. ಇಂದು ಯಾವ ವ್ಯಾಪಾರಿ ಹೀಗೆ ಬರೆದುಕೊಟ್ಟಾನು? ಕಾರ್ಲ್ಟನ್ ಬುದ್ಧಿವಂತ, ರೂಬೆನ್ಸನ ಸ್ವಂತ ಕೈಯ ಚಿತ್ರಗಳತ್ತಲೇ ಕೈಚಾಚಿದ. ನಾನು ರಾಜನಲ್ಲ, ಕೈದುಡಿಮೆಯಿಂದ ಉಣ್ಣುವವನು ಎಂದು ರೂಬೆನ್ಸ್ ಅವನಿಗೆ ಬರೆದದ್ದು ಈ ವ್ಯವಹಾರದಲ್ಲಿಯೇ. ಕೊನೆಗೆ ತೊಂಬತ್ತಕ್ಕೂ ಹೆಚ್ಚು ಶಿಲ್ಪಗಳು ಆಂಟ್ವರ್ಪ್ ಸೇರಿದವು.

ಇದನ್ನೇ ವಿವರಿಸುತ್ತಾ ನನ್ನ ಸಮಯ ಹೆಚ್ಚುಕಡಿಮೆ ತೀರಿತು, ಕ್ಷಮಿಸಿ. ಪುರಾತನ ಕೆತ್ತನೆಯ ಮಣಿಗಳ ಬಗ್ಗೆ ಗೆಳೆಯ ಪೆರೆಸ್ಕನಿಗೆ ಬರೆದ ಪತ್ರಗಳನ್ನು ಬಿಟ್ಟು ಮುಂದೆ ಹೋಗುತ್ತೇನೆ. ಆದರೆ ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿರುವ ಒಂದು ಚಿತ್ರವನ್ನು ಹೇಳದಿರಲಾರೆ. ತೀರಿಹೋದ ಅಣ್ಣ ಫಿಲಿಪ್, ಫಿಲಿಪ್‌ನ ತೀರಿಹೋದ ಗುರು, ಪಂಡಿತ ಲಿಪ್ಸಿಯಸ್, ಬದುಕಿದ್ದ ಗೆಳೆಯ ವೊವೇರಿಯಸ್ ಒಂದೇ ಮೇಜಿನ ಸುತ್ತ ಕುಳಿತಿದ್ದಾರೆ, ರೂಬೆನ್ಸ್ ಹಿಂದೆ ನಿಂತಿದ್ದಾನೆ. ಮೇಲಿನ ಗೂಡಿನಲ್ಲಿ, ರೋಮನ್ ತತ್ವಜ್ಞಾನಿ ಸೆನೆಕನದೆಂದು ಅಂದು ನಂಬಿದ್ದ ತಲೆಯ ಶಿಲ್ಪ, ಅದರ ಪಕ್ಕದಲ್ಲಿ ಟುಲಿಪ್ ಹೂಗಳು. ಸತ್ತವರು, ಇದ್ದವರು, ಕಲ್ಲಿನವರು, ಎಲ್ಲರೂ ಒಂದೇ ಕೂಟದವರು. ಒಡನಾಡಿಗಳು ಎಂದೆನಲ್ಲ, ಅದು ಇದು.

1626ರಲ್ಲಿ ಹೆಂಡತಿ ಇಸಬೆಲ್ಲಾ ತೀರಿಕೊಂಡಳು. ಹೆಚ್ಚು ದಿನ ಕಳೆಯುವ ಮೊದಲೇ ಅವನು ಶಿಲ್ಪಸಂಗ್ರಹದ ಬಹುಭಾಗವನ್ನು ಇಂಗ್ಲೆಂಡಿನ ಬಕಿಂಗ್‌ಹ್ಯಾಂ ಡ್ಯೂಕನಿಗೆ ಮಾರಿದ. ಗೂಡುಗಳನ್ನು ಮಾತ್ರ ಖಾಲಿ ಬಿಡಲಿಲ್ಲ. ಹೋದ ಶಿಲ್ಪಗಳ ಅಚ್ಚುಗಳನ್ನು ಗಾರೆಯಲ್ಲಿ ಎರೆಯಿಸಿ, ಅವುಗಳ ಜಾಗದಲ್ಲಿಯೇ ಕೂರಿಸಿದ.